ಬೆಚ್ಚಗಿನ ಮೂಲೆ ಯಾರಿಗೆ?

ಪ್ರೀತಿಯ ತಂಗಿ,

ನೀನು ಕಳಿಸಿದ ಐರಿಶ್ ಕಥೆಗಳ ಅನುವಾದ ಓದಿದೆ. ಮಾತುಕತೆ ಸೊಗಸಾಗಿ ಬಂದಿದೆ. ಆದರೆ ಸ್ನಗ್, ಡೆನ್, ಇಂಗಲ್‌ನುಕ್ ಅನ್ನುವ ಮೂರು ಇಂಗ್ಲಿಷ್ ಪದಗಳಿಗೂ 'ಬೆಚ್ಚಗಿನ ಮೂಲೆ' ಅಂತಲೇ ಬರೆದಿದ್ದೀಯ. ಈ ಜಾಗಗಳು ಬೇರೆ, ಅಲ್ಲಿ ಕೂರುವವರೂ ಬೇರೆ.

ಸ್ನಗ್ ತಗೋ. ಮೊದಲು ಅದು ಹಡಗಿನವರ ಮಾತು. ಬಿರುಗಾಳಿ ಬರುವ ಮುಂಚೆ ಎಲ್ಲವನ್ನೂ ಬಿಗಿದು ಭದ್ರ ಮಾಡಿಟ್ಟ ಹಡಗು ಸ್ನಗ್. ಹಿತ ಅನ್ನುವ ಅರ್ಥ ಆಮೇಲೆ ಬಂತು. ಪಬ್‌ಗಳಲ್ಲಿ ಅದೇ ಹೆಸರಿನ ಪುಟ್ಟ ಕೋಣೆ ಇರುತ್ತದೆ. ಬೆಲ್‌ಫಾಸ್ಟ್‌ನ ಕ್ರೌನ್ ಬಾರಿನ ಫೋಟೋಗಳನ್ನು ಒಮ್ಮೆ ನೋಡು. ಹಳೇ ಪಬ್ಬು, 1978ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಕೊಂಡು ಉಳಿಸಿಕೊಂಡಿದೆ. ಅಲ್ಲಿನ ಒಂದೊಂದು ಸ್ನಗ್‌ಗೂ ಮರದ ಗೋಡೆ, ಅದಕ್ಕೊಂದು ಬಾಗಿಲು, ಬೆಂಕಿಕಡ್ಡಿ ಗೀರಲು ಲೋಹದ ತಗಡು, ಕೆಲಸದವರನ್ನು ಕರೆಯಲು ಗಂಟೆ. ಒಳಗಿದ್ದವರು ಯಾರ ಕಣ್ಣಿಗೂ ಬೀಳಬೇಕಾಗಿಲ್ಲ. ಹೆಂಗಸರು ಪಬ್‌ಗೆ ಬರಬಾರದು ಅನ್ನುತ್ತಿದ್ದ ಕಾಲದಲ್ಲಿ ಅವರು ಕೂರುತ್ತಿದ್ದದ್ದು ಇಂಥ ಕೋಣೆಗಳಲ್ಲೇ. ಪಾದ್ರಿ, ಪೊಲೀಸರೂ ಸದ್ದಿಲ್ಲದೆ ಬಂದು ಒಂದು ಗ್ಲಾಸು ಮುಗಿಸಿ ಹೋಗುತ್ತಿದ್ದರು. ನಿನ್ನ ಎರಡನೇ ಕಥೆಯ ವಿಧವೆ ಅಲ್ಲಿ ಕೂತಿರುವುದು ಊರಿನ ಕಣ್ಣಿಗೆ ಹೆದರಿ. 'ಬೆಚ್ಚಗಿನ ಮೂಲೆ' ಅಂದುಬಿಟ್ಟರೆ ಆ ಅಂಜಿಕೆಯೇ ಮಾಯ. ಕಥೆಯ ಜೀವ ಇರುವುದೇ ಅದರಲ್ಲಿ ಅಲ್ವಾ?

ಇಂಗಲ್‌ನುಕ್‌ಗೆ 'ಬೆಚ್ಚಗಿನ' ಒಪ್ಪುತ್ತದೆ. ಆದರೆ ಬೆಂಕಿ ಕಾಣಬೇಕು. ಸ್ಕಾಟ್ಲೆಂಡಿನವರ ಮಾತಿನಲ್ಲಿ ಇಂಗಲ್ ಅಂದರೆ ಮನೆಯೊಳಗಿನ ಬೆಂಕಿ. ದೊಡ್ಡ ಅಗ್ಗಿಷ್ಟಿಕೆಯ ಪಕ್ಕದಲ್ಲೇ, ಅದರ ಗೂಡಿನೊಳಗೇ ಕೂರುವ ಜಾಗ ಅದು. ಹಳೇ ಮನೆಗಳಲ್ಲಿ ಅಡುಗೆಯೂ ಅದೇ ಬೆಂಕಿಯಲ್ಲಿ. 'ಒಲೆ ಪಕ್ಕ' ಅಂತ ಸುಮ್ನೆ ಬರೆದರೂ ಸಾಕು, ನಮ್ಮ ಓದುಗರಿಗೆ ಹೊಗೆಯ ವಾಸನೆ ತಾನಾಗಿ ಬರುತ್ತದೆ. ಡೆನ್ ಅಂದರೆ ಪ್ರಾಣಿಯ ಗವಿ. ಮನೆಯಲ್ಲಾದರೆ, ಒಬ್ಬರು ತಮ್ಮ ಪಾಡಿಗೆ ಇರುವ ಕೋಣೆ.

ನಿಘಂಟು ನೋಡು, ಆದರೆ ಅಲ್ಲಿಗೇ ನಿಲ್ಲಬೇಡ. ಒಳಗೆ ಕೂತವರು ಯಾವುದರಿಂದ ತಪ್ಪಿಸಿಕೊಂಡು ಬಂದಿದ್ದಾರೆ ಅಂತ ಕೇಳಿಕೋ. ಗಾಳಿಯೋ, ಚಳಿಯೋ, ಜನರೋ? ಅದು ತಿಳಿದರೆ ಕನ್ನಡದ ಮಾತು ಹುಡುಕುವುದು ಅಷ್ಟು ಕಷ್ಟವಲ್ಲ.

ಸ್ನಗ್ ಅನ್ನು ಹಾಗೇ ಉಳಿಸು. ಅಡಿಟಿಪ್ಪಣಿ ಬೇಡ. ಆ ಪದ ಮೊದಲ ಸಲ ಬಂದಾಗ ವಿಧವೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿ, ಗಂಟೆ ಒತ್ತಲಿ. ಆ ಪುಟವನ್ನು ತಿದ್ದಿ ಕಳಿಸು, ಉಳಿದದ್ದನ್ನು ಆಮೇಲೆ ನೋಡೋಣ.

ನಿನ್ನ ಅಕ್ಕ