ಬಸುರಿಯರಿಗೆ ಬಿಡುವು ಸಿಗಲಿ

ಮಾನ್ಯರೇ,

ರಾಯಚೂರು ಭಾಗದಲ್ಲಿ ಹತ್ತಿ ಬಿಡಿಸಲು ಎಂಟು ತಿಂಗಳ ಬಸುರಿಯರೂ ಹೋಗುತ್ತಾರೆ. ಹೊಲದಲ್ಲಿ ಮೂತ್ರಕ್ಕೆ ಹೋಗಲು ಮರೆ ಇಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಭಾರ, ಬಿಸಿಲಿಗಿಂತ ನಮಗೆ ಇದರದೇ ಹೆಚ್ಚು ಆತಂಕ. ನೀರು ಸಾಲದಿದ್ದರೆ ಮೂತ್ರದ ಸೋಂಕು ತಗಲಬಹುದು, 37 ವಾರಕ್ಕೂ ಮೊದಲೇ ಹೆರಿಗೆಯಾಗಬಹುದು. ಜೊತೆಗೆ ರಕ್ತಹೀನತೆಯಿದ್ದರೆ ಕೂಸು ಎರಡೂವರೆ ಕೆಜಿಯೂ ತೂಗದಿರಬಹುದು. ಅಂಥ ಕೂಸಿಗೆ ಮೊಲೆ ಚೀಪಲೂ ತ್ರಾಣ ಸಾಲದಿರಬಹುದು.

ಕೆಲಸ ಬಿಡಿ ಎನ್ನಬಹುದು, ಕೂಲಿ ಯಾರು ಕೊಡುತ್ತಾರೆ? ಕಾರ್ಖಾನೆಯವರಿಗೆ 26 ವಾರ ಸಂಬಳದ ರಜೆಯುಂಟು. ಹೊಲದವರಿಗೆ ಮೊದಲ ಹೆರಿಗೆಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದರಲ್ಲೂ 2,000 ಹೆರಿಗೆಯಾದ ಮೇಲೆ. ಅದು ಏಳನೇ ತಿಂಗಳಲ್ಲೇ ಕೈಸೇರಲಿ. ಹೊಟ್ಟೆ ಪದೇಪದೇ ಗಟ್ಟಿಯಾದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಸಂಜೆವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

– ಆರೋಗ್ಯ ಕಾರ್ಯಕರ್ತೆಯರು, ಮಾನ್ವಿ