ದಿನವಿಶೇಷದ ಹಲಗೆಗೆ ಮುನ್ನ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜನವರಿ 26ರ ‘ದಿನವಿಶೇಷ’ದ ಹಲಗೆಗೆಂದು ನೀನು ಬರೆದಿಟ್ಟ ಪಟ್ಟಿಯ ಫೋಟೋ ಮೊಬೈಲಿಗೆ ಬಂತು. ಅಕ್ಷರ ಮುತ್ತು ಪೋಣಿಸಿದಂತಿದೆ. ಆದರೆ ಐದು ಸಂಗತಿಗಳೂ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ನಿಂತ ಹಾಗೆ ನಿಂತಿವೆ. ಮೂವತ್ತು ವರ್ಷ ನಾನೂ ಹಾಗೆಯೇ ಬರೆದವನು, ಅದಕ್ಕೇ ಹೇಳುತ್ತಿದ್ದೇನೆ.

ಈ ದಿನವನ್ನು ಯಾರಾದರೂ ಆರಿಸಿದ್ದೋ, ತಾನಾಗಿ ಒದಗಿದ್ದೋ ಎಂದು ಮೊದಲು ಕೇಳಿಕೋ. 1950ರದ್ದು ಆರಿಸಿದ ದಿನ. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು. ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು 1930ರ ನೆನಪಿಗಾಗಿ. ಲಾಹೋರಿನ ಪೂರ್ಣ ಸ್ವರಾಜ್ಯ ನಿರ್ಣಯದ ಬೆನ್ನಿಗೇ, ಆ ವರ್ಷದ ಜನವರಿ 26ರ ಭಾನುವಾರ ಜನ ಬಾವುಟ ಹಾರಿಸಿ ಪ್ರತಿಜ್ಞೆ ಓದಿದ್ದರು. ಆಗಸ್ಟ್ 15 ಮೌಂಟ್‌ಬ್ಯಾಟನ್ ಗೊತ್ತುಮಾಡಿದ್ದು. ಅವರಿಗೆ ಅದು 1945ರಲ್ಲಿ ಜಪಾನ್ ಶರಣಾದ ದಿನ. ನಾವೇ ಆರಿಸಿಕೊಂಡದ್ದು ಜನವರಿಯದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳು.

ಸಂಗೊಳ್ಳಿ ರಾಯಣ್ಣನ ಮಾತು ಬೇರೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಕಂಪನಿಯವರಿಗೆ ಮುಂದೆ ಆ ತಾರೀಖಿಗೆ ಬರುವ ಬೆಲೆ ಹೇಗೆ ಗೊತ್ತಿರಬೇಕು? ಹುಟ್ಟಿದ್ದು ಆಗಸ್ಟ್ 15 ಎನ್ನುತ್ತಾರೆ. ಭಾಷಣಕಾರರು ಇದನ್ನು ವಿಧಿಲಿಖಿತವೆಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಕೇಳಲು ನನಗೂ ಹಿತವೇ, ಆದರೂ ಅದು ಕಾಕತಾಳೀಯ. ಅವನ ದೊಡ್ಡಸ್ತಿಕೆ ಪಂಚಾಂಗದಿಂದ ಬಂದದ್ದಲ್ಲ. ಜಮೀನು ಕಳೆದುಕೊಂಡ ಬಡವರನ್ನು ಕಟ್ಟಿಕೊಂಡು ಅವನು ಕಂಪನಿಯ ಕಚೇರಿಗಳಿಗೂ ದಫ್ತರಗಳಿಗೂ ಬೆಂಕಿಯಿಟ್ಟದ್ದನ್ನು ಹೇಳು. ದಫ್ತರವನ್ನೇ ಏಕೆ ಸುಟ್ಟ ಎಂದು ಒಬ್ಬ ಹುಡುಗನಾದರೂ ಕೇಳುತ್ತಾನೆ.

1788ರ ಇದೇ ದಿನ ಬ್ರಿಟಿಷರು ಬಂದು ನೆಲೆಯೂರಿದ ಆಸ್ಟ್ರೇಲಿಯವನ್ನು ಸೇರಿಸಿದ್ದೀಯ, ಸರಿ. ಅಲ್ಲಿನ ಮೂಲನಿವಾಸಿಗಳು 1938ರಲ್ಲಿ ಅದೇ ದಿನವನ್ನು ಶೋಕದಿನವಾಗಿ ಆಚರಿಸಿದ್ದನ್ನು ಬಿಟ್ಟಿದ್ದೀಯ.

2001ರ ಭೂಕಂಪವನ್ನಂತೂ ಕೊನೆಯ ಮೂಲೆಗೆ ತಳ್ಳಿದ್ದೀಯ. ಬೆಳಿಗ್ಗೆ 8.46ಕ್ಕೆ ಕಚ್ಛದ ನೆಲ ನಡುಗಿದಾಗ ಅಂಜಾರ್ ಪಟ್ಟಣದ ಇಕ್ಕಟ್ಟಾದ ಓಣಿಯೊಂದರಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೆ ಮನೆಗಳು ಕುಸಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾನು ನಮ್ಮ ಶಾಲೆಯ ಅಂಗಳದಲ್ಲಿ ಬಾವುಟದ ಗಂಟು ಬಿಚ್ಚಿಕೊಳ್ಳದೆ ಹಗ್ಗ ಜಗ್ಗುತ್ತ ಬೆವರುತ್ತಿದ್ದೆ. ಮಕ್ಕಳು ಬಾಯಿಗೆ ಕೈ ಅಡ್ಡಹಿಡಿದು ನಗುತ್ತಿದ್ದರು, ಗದರಿಸಿದೆ. ಕೆಲವು ದಿನ ಬಿಟ್ಟು ಪತ್ರಿಕೆಯಲ್ಲಿ ಅಂಜಾರಿನ ಸುದ್ದಿ ಓದಿದಾಗ, ಅಂದು ತೊಟ್ಟಿದ್ದ ಅಂಗಿಯ ಜೇಬಿನಲ್ಲಿ ಹಂಚಿ ಮಿಕ್ಕ ನಾಲ್ಕು ಪೆಪ್ಪರ್‌ಮಿಂಟ್ ಇದ್ದವು. ತಿನ್ನಲಾಗಲಿಲ್ಲ.

ಹಲಗೆಯಲ್ಲಿ ಜಾಗ ಸಾಲದಿದ್ದರೆ ಬೇರೆ ಯಾವುದನ್ನಾದರೂ ಬಿಡು, ಅಂಜಾರಿಗೆ ಎರಡು ಸಾಲು ಕೊಡು. ಬಾವುಟದ ಗಂಟನ್ನು ಹಿಂದಿನ ಸಂಜೆಯೇ ಒಮ್ಮೆ ಎಳೆದು ನೋಡಿಕೋ.

ಇಂತಿ,
ನಿನ್ನ ದೊಡ್ಡಪ್ಪ