ನೇತ್ರದಾನದ ಕಿರು ಸಂಶೋಧನಾ ನಿಧಿಗೆ ನೆರವು ಕೋರಿ ಮನವಿ

ಮಾನ್ಯ ದಾನಿಗಳೇ,

ಈ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮೊದಲ ವಾರ ನಮ್ಮ ಜಿಲ್ಲೆಯ ನಾಪೋಕ್ಲು ಕಡೆಯ ಹಿರಿಯರೊಬ್ಬರು ತೀರಿಕೊಂಡಾಗ, ಅವರ ಮನೆಯವರು ಆ ದುಃಖದ ನಡುವೆಯೂ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯಿಟ್ಟು ನಮಗೆ ಕರೆ ಮಾಡಿದ್ದರು. ರಸ್ತೆಗೆ ಮರ ಉರುಳಿತ್ತು. ಬಳಸುದಾರಿ ಹಿಡಿದ ನಮ್ಮ ತಂಡ ಆ ಮನೆ ಮುಟ್ಟುವಷ್ಟರಲ್ಲಿ, ಸಾವಿನ ನಂತರ ಕಣ್ಣು ತೆಗೆಯಬೇಕಾದ ಆರು ಗಂಟೆಯ ಗಡುವು ಮೀರಿತ್ತು. ಅವರು ತಮ್ಮ ಪಾಲಿನದನ್ನೆಲ್ಲ ಮಾಡಿದ್ದರು, ತಪ್ಪಿದವರು ನಾವು.

ಒಂದು ಥರ್ಮೊಕೋಲ್ ಪೆಟ್ಟಿಗೆ ಮತ್ತು ಸದಸ್ಯರೊಬ್ಬರ ಹಳೆಯ ಜೀಪಿನಿಂದ ಆರಂಭವಾದ ನಮ್ಮ ನೇತ್ರದಾನ ಟ್ರಸ್ಟಿನ ಕಥೆ ತಮಗೆ ಹೊಸದಲ್ಲ. ಸಾವಿನ ಮನೆಯಲ್ಲಿ ಕಣ್ಣಿನ ಮಾತೆತ್ತಿದರೆ ಬೈಸಿಕೊಂಡು ಹಿಂದಿರುಗುತ್ತಿದ್ದ ದಿನಗಳಿದ್ದವು. 2018ರ ಭೂಕುಸಿತದ ವಾರಗಳಲ್ಲಿಯೂ ನಮ್ಮ ದೂರವಾಣಿಯ ಬಳಿ ಒಬ್ಬರು ಕುಳಿತೇ ಇದ್ದರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ದೃಷ್ಟಿ ನೀಡಿದ ಮೇಲಂತೂ ಜನರೇ ಪ್ರತಿಜ್ಞಾಪತ್ರ ಕೇಳಿಕೊಂಡು ಬರತೊಡಗಿದರು. ಕಣ್ಣಿನ ಮುಂದಿನ ಪಾರದರ್ಶಕ ಭಾಗವಾದ ಕಾರ್ನಿಯಾದ ಮುಂಪದರವನ್ನು ಒಬ್ಬರಿಗೂ ಹಿಂಪದರವನ್ನು ಇನ್ನೊಬ್ಬರಿಗೂ ಜೋಡಿಸುವ ಆ ವಿದ್ಯೆ ವರ್ಷಗಟ್ಟಲೆಯ ಸಂಶೋಧನೆಯ ಫಲವೆಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗಲಿಲ್ಲ.

ನಮ್ಮ ಜಿಲ್ಲೆಗೆ ಅದರದೇ ಪ್ರಶ್ನೆಗಳಿವೆ. ಕಾರ್ನಿಯಾದ ಒಳಪದರದ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಎಂ.ಕೆ. ಎಂಬ ಸಂರಕ್ಷಕ ದ್ರಾವಣದಲ್ಲಿಟ್ಟು ತಂಪಾಗಿ ಕಾಯ್ದರೂ ನಾಲ್ಕು ದಿನದೊಳಗೆ ಕಸಿಯಾಗಬೇಕು. ಮಳೆಗಾಲದಲ್ಲಿ ಘಾಟಿಯಿಳಿದು ಹೋಗುವ ಕಣ್ಣುಗಳಲ್ಲಿ ಈ ಕೋಶಗಳು ಎಷ್ಟು ಉಳಿದಿರುತ್ತವೆ, ಮತ್ತು ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿ ಅವಕಾಶ ಕೊಟ್ಟಿರುವಂತೆ ಕಾರ್ನಿಯಾ ತೆಗೆಯಲು ತರಬೇತಾದ ತಂತ್ರಜ್ಞರನ್ನು ಹೋಬಳಿಗೊಬ್ಬರಂತೆ ಇರಿಸಿದರೆ ಎಷ್ಟು ಸಮಯ ಉಳಿತಾಯವಾಗುತ್ತದೆ ಎಂಬುದನ್ನು ಅಳೆದು ನೋಡಬೇಕಾಗಿದೆ.

ಇನ್ನೊಂದು ಪ್ರಶ್ನೆ ಎಸ್ಟೇಟ್ ಕಾರ್ಮಿಕರು ವಾಸಿಸುವ ಲೈನ್ ಮನೆಗಳದು. ಮರಗಸಿ ಮಾಡುವಾಗ (ನೆರಳಿನ ಮರಗಳ ರೆಂಬೆ ಕಡಿಯುವಾಗ), ಕಾಫಿ ಗಿಡದ ಚಿಗುರು ತೆಗೆಯುವಾಗ ರೆಂಬೆ ತಾಗಿದ ಕಣ್ಣಿಗೆ ಶಿಲೀಂಧ್ರ ಹತ್ತುತ್ತದೆ. ಕೂಲಿ ತಪ್ಪುವ ಭಯಕ್ಕೆ ಕಾರ್ಮಿಕರು ಎಲೆಯ ರಸ ಹಿಂಡಿಕೊಳ್ಳುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಕೊಟ್ಟ ಸ್ಟೀರಾಯ್ಡ್ ಹನಿ ಬಿಟ್ಟುಕೊಳ್ಳುತ್ತಾರೆ; ಆ ಹನಿ ಶಿಲೀಂಧ್ರವನ್ನು ಇನ್ನಷ್ಟು ಬೆಳೆಸುತ್ತದೆ. ಕಣ್ಣಿಗೆ ಹೂ ಬಿದ್ದ ಮೇಲೆ ಕಸಿಯೊಂದೇ ದಾರಿಯೆಂದು ನಮ್ಮಲ್ಲಿಗೆ ಬರುವವರಲ್ಲಿ ಮೂವತ್ತು ದಾಟದವರೂ ಇದ್ದಾರೆ. ಮೊದಲ ದಿನವೇ, ಶಿಲೀಂಧ್ರವಿದೆಯೇ ಎಂದು ತಿಳಿಸುವ ಗಾಜಿನ ಪಟ್ಟಿಯ ಮೇಲಿನ ಸರಳ ಪರೀಕ್ಷೆಯನ್ನು ಎಸ್ಟೇಟಿನ ಹತ್ತಿರವೇ ನಡೆಸುವುದು ಹೇಗೆಂಬುದು ಎರಡನೆಯ ಅಧ್ಯಯನದ ವಿಷಯ.

ಯುವ ನೇತ್ರತಜ್ಞರಿಗೂ ತಂತ್ರಜ್ಞರಿಗೂ ಇದಕ್ಕಾಗಿ ಕಿರು ಅನುದಾನ ನೀಡಲು ತೀರ್ಮಾನಿಸಿದ್ದೇವೆ. ಒಂದೊಂದಕ್ಕೂ ಸುಮಾರು ಒಂದರಿಂದ ಒಂದೂವರೆ ಲಕ್ಷ ರೂಪಾಯಿ ಬೇಕಾದೀತು. ಪೆಟ್ಟಿಗೆ, ದ್ರಾವಣ, ಓಡಾಟ ಎಲ್ಲವೂ ಅದರಲ್ಲೇ. ಆಗಸ್ಟ್ 25ರಂದು ನೇತ್ರದಾನ ಪಕ್ಷಾಚರಣೆ ಆರಂಭವಾಗುವ ದಿನವೇ ಆಯ್ಕೆ ಪ್ರಕಟಿಸಬೇಕಿರುವುದರಿಂದ, ತಮ್ಮ ದೇಣಿಗೆಯನ್ನು ಆಗಸ್ಟ್ 15ರೊಳಗೆ ಚೆಕ್ ಮೂಲಕ ಅಥವಾ ಮಡಿಕೇರಿಯ ಕಚೇರಿಯಲ್ಲಿ ರಸೀದಿ ಪಡೆದು ನೀಡಬೇಕೆಂದು ಕೋರುತ್ತೇವೆ. ನಾಪೋಕ್ಲಿನ ಆ ಮನೆಯವರು ತಿಥಿಯ ದಿನವೇ ಮೊದಲ ಚೆಕ್ ಕಳುಹಿಸಿದ್ದಾರೆ.

ಇಂತು,
ಅಧ್ಯಕ್ಷರು ಮತ್ತು ಟ್ರಸ್ಟಿಗಳು
ಮಡಿಕೇರಿ, ಕೊಡಗು